ಪೆನಾಲ್ಟಿ ಮತ್ತು ನನ್ನ ಹೆಂಡತಿಯ ನಾಲಿಗೆ

ನಮ್ಮ ದೇಶದ ಫುಟ್‌ಬಾಲ್ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ಸೋತು ಗಂಟುಮೂಟೆ ಕಟ್ಟಿದಾಗ ಪತ್ರಿಕೆಗಳು ಕೋಚನ್ನು ಬೈದವು. ಕೋಚು ಗೋಲ್‌ಕೀಪರನ್ನು ಬೈದ. ಗೋಲ್‌ಕೀಪರ್ ಮೈದಾನದ ಹುಲ್ಲನ್ನು ಬೈದ. ಆದರೆ ನಿಜವಾದ ಅಪರಾಧಿ ನಮ್ಮ ಮನೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ ಎಂಬ ಗುಮಾನಿ ಈ ಭೂಮಂಡಲದಲ್ಲಿ ನನ್ನೊಬ್ಬನಿಗೆ ಮಾತ್ರ ಇತ್ತು.

ಗುಮಾನಿ ನನಗೆ ಚಟವಲ್ಲ ಸ್ವಾಮಿ, ಹೊಟ್ಟೆಪಾಡು. ಸಿಟಿ ಬಸ್ಸುಗಳನ್ನು ಹತ್ತಿ ಟಿಕೆಟ್ ತಪಾಸಣೆ ಮಾಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ನಾನು ಕಂಡುಕೊಂಡ ಪರಮಸತ್ಯ ಇಷ್ಟೇ: ನನ್ನನ್ನು ಕಂಡ ಕೂಡಲೇ ಕಣ್ಣು ಮುಚ್ಚಿ ಗೊರಕೆ ಹೊಡೆಯುವವನು, ಹಲ್ಲು ಕಿರಿದು ‘ನಮಸ್ಕಾರ ಸಾರ್’ ಎನ್ನುವವನು, ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡುವವನು, ಈ ಮೂವರ ಹತ್ತಿರ ಟಿಕೆಟ್ ಇರುವುದಿಲ್ಲ. ಈ ಕಣ್ಣನ್ನು ಡ್ಯೂಟಿ ಮುಗಿದ ಮೇಲೆ ಡಿಪೋದಲ್ಲಿ ಬಿಟ್ಟು ಬರಲಾಗುತ್ತದೆಯೇ? ಮನೆಯಲ್ಲಿ ಹಾಲು ಬೇಗ ಉಕ್ಕಿದರೂ ‘ಯಾಕೆ ಬೇಗ ಉಕ್ಕಿತು’ ಎಂದು ಕೇಳುತ್ತೇನೆ. (‘ನಿಮ್ಮ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ನನಗೊಂದು ಬಸ್ ಪಾಸಾದ್ರೂ ಕೊಡಿಸ್ರೀ’ ಎಂದು ನನ್ನವಳು ಆಗಾಗ ಹೇಳುವುದುಂಟು. ಪಾಸ್ ಯಾಕೆ ಬೇಕು, ಎಲ್ಲಿಗೆ ಹೋಗುವ ಸಂಚು ಎಂದು ನಾನು ಯೋಚಿಸುವುದೂ ಉಂಟು.)

ನನ್ನವಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಪಂದ್ಯದ ದಿನ ಹಜಾರದಲ್ಲಿದ್ದ ಅವಳ ಮಷೀನನ್ನು ನಾನು ಅಡುಗೆಮನೆಗೆ ಗಡೀಪಾರು ಮಾಡಿದೆ. ಸೋಫಾ, ಕುರ್ಚಿ ಎಲ್ಲ ನಮ್ಮ ಮೂವರಿಗೆ ಬೇಕಿತ್ತು: ನಾನು, ಸಲೂನಿನವನು, ಮೂಲೆಮನೆಯ ಗಣಿತದ ಮೇಷ್ಟ್ರು. ಟೂರ್ನಿಗೆಂದೇ ಟಿವಿಗೆ ಹೊಸ ಸೆಟ್‌ಟಾಪ್ ಡಬ್ಬ ಹಾಕಿಸಿದ್ದೆ. ಕಾನೂನೂ ನನ್ನದೇ. ಮೊಬೈಲುಗಳೆಲ್ಲ ಬಿಸ್ಕತ್ತಿನ ಡಬ್ಬಿಯೊಳಗೆ, ಡಬ್ಬಿ ಬೀರುವಿನೊಳಗೆ. ಮುಂಬಾಗಿಲು, ಕಿಟಕಿ ಬಂದ್. ನನ್ನವಳು ಚಹಾ ತರಬಹುದು, ಬಾಯಿ ತೆರೆಯಬಾರದು.

‘ನಾನೂ ಮ್ಯಾಚ್ ನೋಡ್ಬೇಕಲ್ರೀ?’ ಎಂದಳು.

‘ಜಾಗ ಎಲ್ಲಿದೆಯೇ?’ ಎಂದೆ.

ಅವಳು ಮೂರು ಜನರಿಗೆ ಹಾಸಿಕೊಂಡಿದ್ದ ಐದು ಜನರ ಸೋಫಾವನ್ನು ಒಮ್ಮೆ ನೋಡಿ ಒಳಗೆ ಹೋದಳು.

ಐದು ಗಂಟೆಗೆ ಪಂದ್ಯ ಶುರುವಾಯಿತು. ಎರಡನೆಯ ಅರ್ಧದಲ್ಲಿ ನಮ್ಮವರು ಗೋಲು ಹೊಡೆದು ಸಮ ಮಾಡಿದರು. ಇನ್ನೇನು ಇನ್ನೊಂದು ಎನ್ನುವಾಗ ರೆಫರಿ ಆಫ್‌ಸೈಡ್ ಎಂದು ಸೀಟಿ ಊದಿದ. ಸಲೂನಿನವನು ತಲೆ ಕೆರೆದುಕೊಂಡು, ‘ಸಾರ್, ಈ ಆಫ್‌ಸೈಡ್ ಅಂದ್ರೆ ಏನು ಅಂತ’ ಎಂದ. ಮೂವತ್ತು ವರ್ಷದಿಂದ ಫುಟ್‌ಬಾಲ್ ನೋಡುತ್ತಿರುವ ಮನುಷ್ಯ! ಅಜ್ಞಾನಾಂಧಕಾರದಲ್ಲಿ ಮುಳುಗಿದವನನ್ನು ಎತ್ತದೆ ಬಿಡುವುದು ಧರ್ಮವೇ? ಹೊಸ ಡಬ್ಬದ ರಿಮೋಟಿನಲ್ಲಿ ಒಂದು ಗುಂಡಿಯಿದೆ. ಒತ್ತಿದೆ. ಇಪ್ಪತ್ತೆರಡು ಆಟಗಾರರೂ ನಿಂತಲ್ಲೇ ನಿಂತರು. ಒಬ್ಬನ ಕಾಲಂತೂ ಗಾಳಿಯಲ್ಲೇ ಉಳಿಯಿತು. ದಿನವಿಡೀ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸುವ ನನಗೆ ಆಗ ಆದ ಸಂತೋಷ ಅಷ್ಟಿಷ್ಟಲ್ಲ. ಅಡುಗೆಮನೆಯಿಂದ ಡಬ್ಬಗಳ ಮುಚ್ಚಳ ತಂದು, ಟೀಪಾಯಿಯ ಮೇಲೆ ಜೋಡಿಸಿ, ಆಫ್‌ಸೈಡಿನ ಆದಿ, ಮಧ್ಯ, ಅಂತ್ಯವನ್ನು ಬಿಡಿಸಿ ಹೇಳಿದೆ. ಮೇಷ್ಟ್ರು ಎರಡು ಸಲ ಆಕಳಿಸಿದರು. ಮತ್ತೆ ಗುಂಡಿ ಒತ್ತಿದಾಗ ಆಟಗಾರರು ವಿಧೇಯರಾಗಿ ಅಲ್ಲಿಂದಲೇ ಮುಂದುವರಿಸಿದರು.

ಹೆಚ್ಚುವರಿ ಸಮಯವೂ ಮುಗಿದು ಪೆನಾಲ್ಟಿಗೆ ಬಂತು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಸಲೂನಿನವನ ಹೆಂಡತಿ.

‘ಎಲ್ಲಾ ಮುಗೀತಲ್ಲ, ಇನ್ನೂ ಒಳಗೇನು ಮಾಡ್ತಿದ್ದೀರಿ? ಬನ್ನಿ ಮನೆಗೆ!’

‘ಹೋಗೇ, ಪೆನಾಲ್ಟಿ ಈಗ ಶುರು!’ ಎಂದು ಇವನು ಒಳಗಿಂದಲೇ ಕೂಗಿದ. ‘ಇವರಿಗೆ ತಲೆ ಕೆಟ್ಟಿದೆ’ ಎಂದು ಅವಳು ಗೊಣಗುತ್ತಾ ಹೋದಳು.

ಎರಡೂ ಕಡೆಯವರು ಎರಡೆರಡು ಗೋಲು ಹೊಡೆದರು. ಮೂರನೆಯದಕ್ಕೆ ನಮ್ಮ ಗಿಡ್ಡ ಆಟಗಾರ ಚೆಂಡಿನ ಮುಂದೆ ನಿಂತ. ಆಗ ನನ್ನವಳು ಚಹಾದ ತಟ್ಟೆ ಹಿಡಿದು ಬಂದಳು. ಟಿವಿ ನೋಡಿದಳು. ಲೊಚಗುಟ್ಟಿದಳು.

‘ಪಾಪ, ಈ ಗಿಡ್ಡ ಆಕಾಶಕ್ಕೆ ಹೊಡೀತಾನೆ’ ಎಂದಳು.

ಗಿಡ್ಡ ಆಕಾಶಕ್ಕೆ ಹೊಡೆದ.

ನಾವು ಮೂವರೂ ಅವಳತ್ತ ತಿರುಗಿದೆವು. ಅವಳು ಕಪ್ಪುಗಳನ್ನು ಇಡುತ್ತಾ, ‘ನಮ್ಮ ಗಡ್ಡದವನದ್ದು ನೆಟ್ಟಗೆ ಗೋಲ್‌ಕೀಪರ್ ಹೊಟ್ಟೆಗೇ’ ಎಂದಳು. ಎದುರಾಳಿಗಳು ಮೂರನೆಯದನ್ನೂ ಹೊಡೆದರು. ಆಮೇಲೆ ಗಡ್ಡದವನು ಬಂದ. ಹೊಡೆದ. ಗೋಲ್‌ಕೀಪರ್ ಚೆಂಡನ್ನು ಮಗುವಿನ ಹಾಗೆ ಹೊಟ್ಟೆಗೆ ಅಪ್ಪಿಕೊಂಡ. ‘ಆಯ್ತಲ್ಲ, ಇನ್ನೇನಿದೆ ನೋಡೋದಕ್ಕೆ, ಟಿವಿ ಆರಿಸಿ’ ಎಂದು ಅವಳು ಖಾಲಿ ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಮರುಕ್ಷಣವೇ ಎದುರಾಳಿಗಳು ಇನ್ನೊಂದು ಹೊಡೆದರು, ನಮ್ಮ ಕಥೆ ಮುಗಿಯಿತು.

ಸಲೂನಿನವನ ಕಣ್ಣಲ್ಲಿ ನೀರು. ಮೇಷ್ಟ್ರು ಕೂತಲ್ಲೇ ಕಲ್ಲಾದರು. ನಾನು ಮಾತ್ರ ಅಭ್ಯಾಸಬಲದಿಂದ ಜೇಬಿನ ಪುಸ್ತಕ ತೆಗೆದು ‘7.56, ಸೋಲು’ ಎಂದು ಬರೆದುಕೊಂಡೆ. ಕೆಳಗೆ ‘ನಾಲಿಗೆ?’ ಎಂದು ಬರೆದು ಎರಡು ಗೆರೆ ಎಳೆದೆ.

ಮರುದಿನ ಸಲೂನಿನಲ್ಲಿ ಮಹಾಸಭೆ. ‘ಆ ಗಿಡ್ಡನ ತಲೆ ನೋಡಿದ್ರಾ ಸಾರ್?’ ಎಂದು ಸಲೂನಿನವನು ಕತ್ತರಿ ಝಳಪಿಸಿದ. ‘ಒಂದು ಪಕ್ಕ ಬೋಳು, ಒಂದು ಪಕ್ಕ ಕಾಡು. ತಲೇನೇ ವಾಲಿದ್ಮೇಲೆ ಚೆಂಡು ನೆಟ್ಟಗೆ ಹೋಗುತ್ತಾ?’ ಮೇಷ್ಟ್ರು ಒಪ್ಪಲಿಲ್ಲ. ಕನ್ನಡಿಯ ಮೇಲೆ ಸೋಪಿನ ನೊರೆಯಿಂದ ಕೋನ ಬರೆದು, ಎರಡು ಡಿಗ್ರಿ ತಗ್ಗಿಸಿದ್ದರೆ ಗೋಲಾಗುತ್ತಿತ್ತು ಎಂದು ಸಾಧಿಸಿದರು. ನಾನು ಸುಮ್ಮನಿದ್ದು, ಎಲ್ಲರ ಬಾಯಿ ಒಣಗಿದ ಮೇಲೆ ಬಾಂಬು ಹಾಕಿದೆ.

‘ಕೋನವೂ ಅಲ್ಲ, ಕೂದಲೂ ಅಲ್ಲ. ನೀವೇ ಕಿವಿಯಾರೆ ಕೇಳಿದ್ರಲ್ಲ. ನನ್ನವಳದ್ದು ಕರಿನಾಲಿಗೆ!’

‘ಹೌದಲ್ವಾ! ಆಡಿದ್ದು ಆಡಿದ ಹಾಗೇ ಆಯ್ತು’ ಎಂದ ಸಲೂನಿನವನು. ಸಲೂನಿನಲ್ಲಿ ಬಿದ್ದ ಮಾತು ಕೂದಲಿನ ಹಾಗೆ, ಗುಡಿಸಿದಷ್ಟೂ ಮೂಲೆಮೂಲೆಗೆ ಹಾರುತ್ತದೆ. ಸಂಜೆಯೊಳಗೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹಬ್ಬಿತ್ತು.

ಮೊದಲು ರಿಪೇರಿಗೆ ಬಟ್ಟೆ ಕೊಡಲು ಬಂದ ಹೆಂಗಸರು ಬಾಯಿಗೆ ಬೀಗ ಹಾಕಿಕೊಂಡರು. ಒಬ್ಬಳಂತೂ, ‘ಬಟ್ಟೆ ಸರಿಯಾಗುತ್ತೋ ಇಲ್ವೋ ಅಂತ ಮಾತ್ರ ನೀವು ಹೇಳ್ಬೇಡಿ ಅಕ್ಕ’ ಎಂದು ಕೈಮುಗಿದಳಂತೆ. ನನ್ನವಳಿಗೆ ತಲೆಬುಡ ಗೊತ್ತಾಗಲಿಲ್ಲ. ಮೂರನೆಯ ದಿನ ಶಾಲೆಯ ಪಿ.ಟಿ. ಮೇಡಂ ಬಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಷ್ಟು ವರ್ಷ ನನ್ನವಳು ಹೊಲಿದದ್ದು ಹರಿದ ಜೇಬು, ಕಿತ್ತ ಜಿಪ್ಪು, ಉದ್ದವಾದ ಪ್ಯಾಂಟಿನ ಕಾಲು. ಮೊದಲ ಬಾರಿಗೆ ಒಂದು ದೊಡ್ಡ ಕೆಲಸ ಬಂದಿತ್ತು. ಶಾಲೆಯ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಹದಿನಾರು ಜರ್ಸಿ. ಮಾದರಿಗೆಂದು ಒಂದನ್ನು ಹೊಲಿದು, ಗೋಡೆಗೆ ನೇತುಹಾಕಿ, ಹೋಗುತ್ತಾ ಬರುತ್ತಾ ಅದರ ಕಾಲರ್ ಸವರುತ್ತಿದ್ದಳು. ಪಿ.ಟಿ. ಮೇಡಂ ಆ ಜರ್ಸಿಯನ್ನು ನೋಡದೆ ನೆಲ ನೋಡುತ್ತಾ, ‘ತಪ್ಪು ತಿಳ್ಕೋಬೇಡಿ. ನಮ್ಮ ಹುಡುಗೀರಿಗೆ ಮುಂದಿನ ವಾರ ಸೆಮಿಫೈನಲ್. ನಿಮ್ಮ ಬಾಯಿಂದ ಏನಾದ್ರೂ ಬಂದ್ಬಿಟ್ರೆ… ನಿಮ್ಮ ಯಜಮಾನ್ರೇ ಸಲೂನಲ್ಲಿ ಹೇಳಿದ್ರಂತೆ’ ಎಂದು ಬಟ್ಟೆಯ ಥಾನನ್ನು ವಾಪಸು ಕೇಳಿದರು.

ನಾನು ಡ್ಯೂಟಿ ಮುಗಿಸಿ ಬಂದಾಗ ನನ್ನವಳು ದಾರ ಪೋಣಿಸದೆ ಬರಿ ಮಷೀನ್ ತುಳಿಯುತ್ತಿದ್ದಳು. ಅವಳು ಬೈದರೆ ನನಗೆ ಭಯವಿಲ್ಲ, ಬೈಗುಳ ಮಳೆ ಇದ್ದ ಹಾಗೆ, ನಿಲ್ಲುತ್ತದೆ. ಬೈಯದಿದ್ದರೇ ಭಯ.

‘ನಾನು ಹಾಗೆ ಹೇಳಿದ್ದು ಯಾಕೆ ಅಂತ ಒಂದು ಮಾತು ನನ್ನನ್ನ ಕೇಳಿದ್ರಾ?’ ಎಂದಳು.

‘ಆಪಾದಿತರನ್ನ ಕೊನೆಗೆ ಕೇಳೋದು ಕ್ರಮ’ ಎಂದೆ.

‘ಸರಿ. ನಾಡಿದ್ದು ಭಾನುವಾರ. ಎಲ್ಲರನ್ನೂ ಕರೀರಿ. ಮೇಡಂನ್ನೂ ಕರೀರಿ, ಅಲ್ಲೀವರೆಗೆ ಥಾನು ಇಲ್ಲೇ ಇರುತ್ತೆ. ಎದುರುಮನೆ ಅಜ್ಜಿನ ನಾನು ಕರೀತೀನಿ. ತನಿಖೆ ಆಗ್ಲಿ. ನಾನು ತಪ್ಪಿತಸ್ಥೆ ಅಂತಾದ್ರೆ ಮಷೀನ್ ಮಾರ್ತೀನಿ.’ ಕಣ್ಣಂಚು ಒದ್ದೆಯಾಗಿತ್ತು. ಆದರೂ ನ್ಯಾಯ ನ್ಯಾಯವೇ!

ಭಾನುವಾರ ಹಜಾರ ತುಂಬಿತು. ನಾನು ಯೂನಿಫಾರ್ಮ್ ಹಾಕಿ, ಪುಸ್ತಕ ಹಿಡಿದು ನಡುವೆ ಕೂತೆ. ಮೇಷ್ಟ್ರು ಲಿಪಿಕಾರರು. ಮೊದಲ ಸಾಕ್ಷಿ ಎದುರುಮನೆ ಅಜ್ಜಿ.

‘ಇವಳು ಪಾಪ ಪಾತ್ರೆ ತೊಳೀತಾ ಅಡುಗೆಮನೆ ಕಿಟಕೀಲಿ ನಿಂತು ನಮ್ಮನೆ ಟಿವೀಲೇ ಮ್ಯಾಚ್ ನೋಡಿದ್ಳು’ ಎಂದರು ಅಜ್ಜಿ. ‘ನಿಮ್ಮನೇಲಿ ಕೂರೋಕೆ ಜಾಗ ಇರ್ಲಿಲ್ವಂತಲ್ಲ! ಮ್ಯಾಚ್ ಸೋತಿದ್ದೇ ತಡ, ನಾನು ಧಾರಾವಾಹಿ ಹಾಕ್ದೆ. ಏಳೂ ಮುಕ್ಕಾಲು, ಟೈಟಲ್ ಹಾಡು ಬರ್ತಿತ್ತು.’

ನಾನು ಕುರ್ಚಿಯಿಂದ ನೆಗೆದೆ. ‘ಬರ್ಕೊಳ್ಳಿ ಮೇಷ್ಟ್ರೇ! ನನ್ನ ಪುಸ್ತಕದಲ್ಲಿ ಸೋತದ್ದು 7.56ಕ್ಕೆ. ಅಜ್ಜಿಗೆ ಹನ್ನೊಂದು ನಿಮಿಷ ಮೊದಲೇ ಗೊತ್ತು!’ ಎಂದು ಸಲೂನಿನವನತ್ತ ತಿರುಗಿದೆ. ‘ನಿನ್ನ ಹೆಂಡ್ತಿ ಬಂದು ಎಲ್ಲಾ ಮುಗೀತು ಅಂದದ್ದು ಯಾವಾಗ?’

‘ಪೆನಾಲ್ಟಿ ಶುರುವಾಗೋ ಮುಂಚೆ’ ಎಂದ ಸಲೂನಿನವನು, ಬೆವರೊರೆಸಿಕೊಂಡು.

‘ಅವಳಿಗೂ ಮೊದಲೇ ಗೊತ್ತು! ಇದು ಬರೀ ನಾಲಿಗೆಯಲ್ಲ ಸ್ವಾಮಿ, ಜಾಲ! ಮ್ಯಾಚ್ ಫಿಕ್ಸಿಂಗ್! ಅಜ್ಜಿ, ಸತ್ಯ ಹೇಳಿ, ನಿಮಗೆ ಸುದ್ದಿ ಕೊಟ್ಟವರು ಯಾರು?’

‘ಇವನಿಗೆ ಏನು ಬಂತು ದೊಡ್ಡ ರೋಗ?’ ಎಂದರು ಅಜ್ಜಿ.

ನನ್ನವಳು ಒಳಗೆ ಹೋಗಿ, ಏಳೆಂಟು ಡಬ್ಬದ ಮುಚ್ಚಳ ತಂದು ಟೀಪಾಯಿಯ ಮೇಲಿಟ್ಟಳು. ‘ಜಾಲ ಆಮೇಲೆ ಹಿಡಿಯೋರಂತೆ. ಮೇಡಂಗೂ ನೀವು ಆ ದಿನ ಆಫ್‌ಸೈಡ್ ಹೇಳ್ಕೊಟ್ಟ ಹಾಗೇ ಒಂದ್ಸಲ ಹೇಳ್ಕೊಡ್ರೀ. ಒಂದು ಮಾತೂ ಬಿಡಬಾರದು. ಮೇಷ್ಟ್ರೇ, ನೀವು ಗಡಿಯಾರ ನೋಡ್ತಿರಿ.’

ಪಿ.ಟಿ. ಮೇಡಂಗೇ ಆಫ್‌ಸೈಡ್ ಕಲಿಸುವ ಅವಕಾಶ! ಯಾಕೆ ಕೇಳುತ್ತಿದ್ದಾಳೆ ಎಂದು ಗುಮಾನಿ ಪಡಬೇಕಾದ ಆ ಒಂದೇ ಒಂದು ಗಳಿಗೆಯಲ್ಲಿ ನನ್ನ ಗುಮಾನಿ ರಜೆ ಹಾಕಿತ್ತು. ಮುಚ್ಚಳ ಸರಿಸಿದೆ, ಉಪಮೆ ಕೊಟ್ಟೆ, ಎದ್ದು ನಿಂತು ಓಡಿ ತೋರಿಸಿದೆ. ಮೇಷ್ಟ್ರು ಅಂದಿನಂತೆಯೇ ಎರಡು ಸಲ ಆಕಳಿಸಿದರು. ಮುಗಿಸಿ, ಬೆವರೊರೆಸಿಕೊಂಡು ಚಪ್ಪಾಳೆಗೆ ಕಾದೆ.

‘ಹನ್ನೊಂದು ನಿಮಿಷ’ ಎಂದರು ಮೇಷ್ಟ್ರು, ತಮ್ಮಷ್ಟಕ್ಕೆ. ಆಮೇಲೆ ಬರೆದ ಹಾಳೆ ನೋಡಿದರು. ನನ್ನನ್ನು ನೋಡಿದರು. ರಿಮೋಟನ್ನು ನೋಡಿದರು. ‘ಸ್ವಾಮಿ, ನೀವು ನಿಲ್ಲಿಸಿದ್ದು ಟಿವಿನ. ಮೈದಾನದಲ್ಲಿ ಆಟ ನಿಂತಿರಲಿಲ್ಲ. ಆಮೇಲೆ ನಾವು ನೋಡಿದ್ದೆಲ್ಲಾ ಹನ್ನೊಂದು ನಿಮಿಷ ಹಳಸಿದ್ದು!’

‘ಅಂದ್ರೆ ನಾನು ಉಗುರು ಕಚ್ಚಿದ್ದು, ಅತ್ತಿದ್ದು…’ ಸಲೂನಿನವನು ತನ್ನ ಉಗುರುಗಳನ್ನೇ ನೋಡಿಕೊಂಡ. ‘ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತಲ್ಲ ಸಾರ್!’

‘ಸೋತ ಮ್ಯಾಚನ್ನೇ ಮತ್ತೆ ಹಾಕ್ಕೊಂಡು ಗೋಳಾಡ್ತಿದ್ದಾರೆ ಅಂತ ನಾನಂದ್ಕೊಂಡೆ’ ಎಂದಳು ನನ್ನವಳು. ‘ಆಗಿದ್ದನ್ನ ಆಯ್ತು ಅಂದ್ರೆ ಕರಿನಾಲಿಗೇನಾ?’

ಅಜ್ಜಿ ನಕ್ಕ ನಗುವಿಗೆ ಅವರ ಹಲ್ಲಿನ ಸೆಟ್ಟು ಕೈಗೆ ಬಂತು. ಪಿ.ಟಿ. ಮೇಡಂ ಎದ್ದು ನನ್ನವಳ ಎರಡೂ ಕೈ ಹಿಡಿದುಕೊಂಡು, ‘ಹದಿನಾರೂ ನೀವೇ ಹೊಲೀಬೇಕು’ ಎಂದರು. ನನ್ನವಳು ಈ ಸಲ ನಿಜವಾಗಿ ಅತ್ತಳು. ನಾನು ಎಲ್ಲರೆದುರು ತಪ್ಪೊಪ್ಪಿಕೊಂಡೆ. ಮಷೀನ್ ಹಜಾರಕ್ಕೆ ಮರಳಿತು, ರಿಮೋಟು ಅವಳ ಹೊಲಿಗೆ ಪೆಟ್ಟಿಗೆಗೆ ಹೋಯಿತು. ಪ್ರಾಯಶ್ಚಿತ್ತಕ್ಕೆಂದು ಹದಿನಾರು ಜರ್ಸಿಗಳ ಬೆನ್ನಿಗೂ ಇಸ್ತ್ರಿಪೆಟ್ಟಿಗೆಯಿಂದ ನಂಬರ್ ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು. ಮೂರು ಸಂಜೆ ಕೂತು, ಬೆರಳು ಸುಟ್ಟುಕೊಂಡು ಅಂಟಿಸಿದೆ.

ಇಲ್ಲಿಗೆ ಮುಗಿದಿದ್ದರೆ ನಾನು ನಿಮ್ಮ ಹತ್ತಿರ ಇದನ್ನೆಲ್ಲ ತೋಡಿಕೊಳ್ಳುತ್ತಿರಲಿಲ್ಲ.

ಸೆಮಿಫೈನಲ್‌ನಲ್ಲಿ ಶಾಲೆಯ ಹುಡುಗಿಯರು ಐದು ಸೊನ್ನೆಯಿಂದ ಸೋತರು. ಮರುದಿನ ಬೆಳಿಗ್ಗೆಯೇ ಪಿ.ಟಿ. ಮೇಡಂ, ಸಲೂನಿನವನು, ಮೇಷ್ಟ್ರು ಮೂವರೂ ನಮ್ಮ ಮನೆ ಬಾಗಿಲಿಗೆ ಬಂದರು. ಮೇಷ್ಟ್ರ ಕೈಯಲ್ಲಿ ಪುಸ್ತಕ.

‘ಹೊಲಿಗೇಲಿ ಒಂದು ಎಳೆ ದೋಷವಿಲ್ಲ’ ಎಂದರು ಮೇಡಂ. ‘ಆಟದಲ್ಲೂ ದೋಷವಿಲ್ಲ. ಕೂತು ಚರ್ಚೆ ಮಾಡಿದ್ವಿ. ಉಳಿದದ್ದು ಒಂದೇ ಪ್ರಶ್ನೆ. ಆ ನಂಬರ್ ಅಂಟಿಸಿದ್ದು ಯಾರ ಕೈಗುಣ?’

ನನ್ನವಳು ಮಷೀನಿನಿಂದ ತಲೆಯೆತ್ತಲಿಲ್ಲ. ‘ನನ್ನನ್ನ ಕೇಳ್ಬೇಡಿ ಮೇಡಂ, ನಾನು ಹೇಳಿದ್ರೆ ನಿಜ ಆಗ್ಬಿಡುತ್ತೆ’ ಎಂದು ಕತ್ತರಿಯ ತುದಿಯನ್ನು ಮಾತ್ರ ನಾನು ಕೂತಿದ್ದ ಸೋಫಾದ ಕಡೆಗೆ ತೋರಿಸಿದಳು.

ನಾನು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡತೊಡಗಿದೆ.