ಗೌರವ್ವನ ತುರಿಕೆ, ಮಾಮಾನ ತಪಾಸಣೆ

ನಮ್ಮ ಮಾಮಾ ಬೆಕ್ಕಿನ ಕುತ್ತಿಗೆಯನ್ನು ನೋಡುವಷ್ಟು ಗಮನವಿಟ್ಟು ಹೆಂಡತಿಯ ಮುಖವನ್ನು ಒಮ್ಮೆಯೂ ನೋಡಿದವರಲ್ಲ. ಇದು ನನ್ನ ಆರೋಪವಲ್ಲ, ಮಾಮಿಯದು! ಧಾರವಾಡದಿಂದ ಪುಣೆಗೆ ಬಂದು ಅಲ್ಲಿನ ಭೋಸರಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ ಮಾಡುತ್ತಲೇ ನಿವೃತ್ತರಾದ ಮನುಷ್ಯ. ಒಂದು ಗೀರು ಕಂಡರೂ ಮಾಲು ವಾಪಸು. ನಿವೃತ್ತಿಯ ಮಾರನೆಯ ದಿನ ನಿಗಡಿಯ ಮನೆಯಲ್ಲಿ ಕೂತು ಚಪಾತಿ ದುಂಡಗಿಲ್ಲವೆಂದರು. ಮಾಮಿ ಲಟ್ಟಣಿಗೆಯನ್ನು ಅವರ ಕೈಗೇ ಕೊಟ್ಟರು. ಅಂದಿನಿಂದ ತಪಾಸಣೆಗೆ ಉಳಿದದ್ದು ಗೌರವ್ವ ಒಬ್ಬಳೇ.

ಗೌರವ್ವ ಎಂದರೆ ಅವರ ಬೆಕ್ಕು. ಯಾರು ಕರೆದರೂ ತಿರುಗಿ ನೋಡದ ಈ ಠೀವಿಯ ಪ್ರಾಣಿ ಮಾಮಾ ಕೆಮ್ಮಿದರೆ ಸಾಕು, ಓಡಿ ಬರುತ್ತಾಳೆ.

ಕಳೆದ ಬೇಸಿಗೆಯಲ್ಲಿ ಅವಳು ಹಿಂಗಾಲಿನಿಂದ ಕುತ್ತಿಗೆ ಕೆರೆದುಕೊಳ್ಳತೊಡಗಿದಳು. ಕಿವಿಯ ಮುಂದಿನ ಕೂದಲು ಉದುರಿತು. ಕುತ್ತಿಗೆಯ ಮೇಲೆ ರಾಗಿಕಾಳಿನಂಥ ಹಕ್ಕಳೆಗಳು ಎದ್ದವು. ಮಾಮಾ ಹೊಸ ಡೈರಿ ತಂದು ಶಂಕಿತರ ಪಟ್ಟಿ ಮಾಡಿದರು. ನೆಲ ಒರೆಸುವ ಫಿನಾಯಿಲ್, ಸೋಫಾದ ಧೂಳು, ಬಾಲ್ಕನಿಯ ಹೂವು. ನಾಲ್ಕನೆಯ ಹೆಸರು ಯಾರದು ಗೊತ್ತೇ? ನನ್ನದು! ನಾನು ಹಚ್ಚಿಕೊಳ್ಳುವ ಸೆಂಟಿನ ಮೇಲೆ ಅವರಿಗೆ ಅನುಮಾನ. ಮೂರು ಭಾನುವಾರ ನಾನು ಬಾಗಿಲಲ್ಲಿ ನಿಂತು, ಮೂಸಿಸಿಕೊಂಡೇ ಒಳಗೆ ಹೋಗಿದ್ದೇನೆ.

ಕೊನೆಗೆ ಪ್ರಾಣಿಗಳ ಡಾಕ್ಟರ ಬಳಿ ಹೋದೆವು. ಅವರು ಮೊದಲು ಹುಡುಕಿದ್ದು ಚಿಗಟ. ಒಂದೇ ಚಿಗಟ ಕಚ್ಚಿದರೂ ಕೆಲವು ಬೆಕ್ಕುಗಳಿಗೆ ಮೈಯೆಲ್ಲ ತುರಿಸುತ್ತದಂತೆ. ತಮ್ಮ ಮನೆಯಲ್ಲಿ ಚಿಗಟವೇ ಎಂದು ಮಾಮಾ ಕೆಂಪಗಾದರು. ಸಣ್ಣ ಬಾಚಣಿಗೆಯಲ್ಲಿ ಬಾಚಿ, ಏನೂ ಸಿಗದೆ, ಡಾಕ್ಟರು ಆಹಾರದ ಅಲರ್ಜಿ ಇರಬಹುದೆಂದರು. ಎಂಟು ವಾರ ಅವರು ಹೇಳಿದ ಒಂದೇ ಆಹಾರ, ಬೇರೆ ಒಂದು ಚೂರೂ ಬಾಯಿಗೆ ಹೋಗಕೂಡದು.

ಮಾಮಾಗೆ ಬೇಕಾಗಿದ್ದೂ ಇಂಥದೇ! ಬೆಕ್ಕಿಗೆ ಏನೂ ಹಾಕಬೇಡಿ ಎಂದು ಮರಾಠಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದರು. ಎದುರು ಮನೆಯವರು ಮೀನು ತೊಳೆಯುವಾಗ ಹೋಗಿ ಕಾವಲು ನಿಂತರು. ಮಾಮಿ ಊಟಕ್ಕೆ ಕೂತಾಗ ಕೆಳಗೆ ಬಿದ್ದ ಅಗುಳನ್ನೂ ತಾವೇ ಆರಿಸಿದರು. ಐದು ವಾರ ಕಳೆದರೂ ಗೌರವ್ವ ಕೆರೆಯುವುದು ನಿಲ್ಲಲಿಲ್ಲ. ಕುತ್ತಿಗೆಯಿಂದ ರಕ್ತ ಬರತೊಡಗಿತು. ಹೀಗೇ ಆದರೆ ಬಹುಕಾಲ ಔಷಧಿಯ ಮೇಲೇ ಇಡಬೇಕಾದೀತು ಎಂದರು ಡಾಕ್ಟರು. ಮಾಮಾಗೆ ಊಟ ಸೇರದಾಯಿತು. ಎಲ್ಲ ಬಂದೋಬಸ್ತಾಗಿರುವಾಗ ತಪ್ಪು ಎಲ್ಲಿಂದ ನುಸುಳುತ್ತಿದೆ? ನನಗೂ ಕುತೂಹಲ ತಡೆಯದೆ, ರಜೆ ಹಾಕಿ ಎರಡು ದಿನ ಅವರ ಮನೆಯಲ್ಲೇ ಉಳಿದೆ.

ಬೆಳಿಗ್ಗೆ ಪೂಜೆ ಮುಗಿಯಿತು. ಮಾಮಾ ನೈವೇದ್ಯದ ಹಾಲನ್ನು ತಾವು ಒಂದು ಚಮಚ ಕುಡಿದು, ಇನ್ನೊಂದನ್ನು ಅಂಗೈಗೆ ಹಾಕಿಕೊಂಡು ಕೆಳಗೆ ಹಿಡಿದರು. ಗೌರವ್ವ ಬಂದು ಶ್ರದ್ಧೆಯಿಂದ ನೆಕ್ಕಿದಳು.

"ಮಾಮಾ, ಹಾಲು ಹಾಕ್ಲಿಕತ್ತೀರಲ್ಲ!"

"ಹಾಲಲ್ಲ, ಪ್ರಸಾದ ಅದು," ಎಂದರು.

ನಗಬೇಡಿ. ನಮ್ಮ ಮನೆಗಳಲ್ಲಿ ಪ್ರಸಾದವನ್ನು ತಿಂಡಿಯ ಪಟ್ಟಿಯಲ್ಲಿ ಸೇರಿಸಿದವರು ಯಾರಿದ್ದಾರೆ? ಸಕ್ಕರೆ ಕಾಯಿಲೆಯ ನನ್ನ ಅವ್ವ ಸತ್ಯನಾರಾಯಣನ ಸಜ್ಜಿಗೆಯನ್ನು ಎರಡು ಸಲ ಹಾಕಿಸಿಕೊಂಡು, ತಾನು ಸಿಹಿ ಮುಟ್ಟುವುದಿಲ್ಲವೆಂದು ಪ್ರಮಾಣ ಮಾಡುತ್ತಾಳೆ!

ಮಾಮಾ ಒದ್ದೆ ಅಂಗೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಡೈರಿ ತೆಗೆದು, ಶಂಕಿತರ ಪಟ್ಟಿಯಲ್ಲಿ ತಮ್ಮ ಹೆಸರು ಬರೆದು ಕೆಳಗೆ ಗೆರೆ ಎಳೆದರು.

ಎಂಟು ವಾರ ಮತ್ತೆ ಮೊದಲಿನಿಂದ. ಪ್ರಸಾದದ ಹಾಲನ್ನು ಮಾಮಾ ಕೋಣೆಯ ಬಾಗಿಲು ಹಾಕಿಕೊಂಡು ಕುಡಿಯತೊಡಗಿದರು. ಗೌರವ್ವನ ಗಾಯ ಮಾಯಿತು, ಕೂದಲು ಚಿಗುರಿತು. ಡಾಕ್ಟರಿಗೂ ಖುಷಿಯಾಯಿತು. ಹಾಲೇ ಕಾರಣವೆಂದು ಖಾತ್ರಿಯಾಗಲು ಇನ್ನೊಮ್ಮೆ ಕೆಲವು ದಿನ ಹಾಲು ಹಾಕಿ ನೋಡೋಣ, ತುರಿಕೆ ಮರಳಿದರೆ ಸಂಶಯವೇ ಉಳಿಯುವುದಿಲ್ಲ ಎಂದರು. ಪರೀಕ್ಷೆ ಎಂದರೆ ಪ್ರಾಣ ಬಿಡುವ ಮನುಷ್ಯ, ಕೂಡಲೇ ಒಪ್ಪುತ್ತಾರೆಂದುಕೊಂಡೆ. ಮಾಮಾ ಗೌರವ್ವನ ಬುಟ್ಟಿ ಎತ್ತಿಕೊಂಡು ಹೊರಗೆ ನಡೆದರು.

ದವಾಖಾನೆಯ ಮೆಟ್ಟಿಲ ಮೇಲೆ ಕೇಳಿದೆ, ಖಾತ್ರಿ ಬೇಡವೇ ಎಂದು.

"ಬ್ಯಾಡವಾ," ಎಂದರು. "ಗೊತ್ತಿಲ್ಲದ ಕೊಟ್ಟಿದ್ದು ಬ್ಯಾರೆ. ನನ್ನ ಕೈ ಅಂತ ನಂಬಿ ಬರ್ತಾಳ ಆಕಿ. ಈಗ ಗೊತ್ತಿದ್ದೂ ಹ್ಯಾಂಗ ಕೊಡ್ಲಿ?"

ಈ ವಿಚಿತ್ರ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಭಾರವಾದೀತೆಂದು ಬುಟ್ಟಿಗೆ ಕೈ ಚಾಚಿದೆ. ಅವರು ಕೊಡಲಿಲ್ಲ.