ಓಪನ್ ಇಂಟರೆಸ್ಟ್ ಮತ್ತು ಗಿರಿಜೆಯ ಹಲ್ಲು

ನನಗೆ ಏನೇನೂ ಗೊತ್ತಿಲ್ಲದ ವಿಷಯಗಳಿಂದ ಇದುವರೆಗೆ ಯಾವ ತೊಂದರೆಯೂ ಆಗಿಲ್ಲ. ವಿಮಾನ ಹೇಗೆ ಹಾರುತ್ತದೆಂದು ತಿಳಿಯದು. ಆದ್ದರಿಂದ ಹಾರಿಸಲು ಹೋಗಿಲ್ಲ. ಕಾಡಿದ್ದೆಲ್ಲ ಚೆನ್ನಾಗಿ ಗೊತ್ತಿದೆ ಎಂದುಕೊಂಡ ವಿಷಯಗಳೇ. ಇತ್ತೀಚಿನದು ಷೇರುಪೇಟೆಯ ಓಪನ್ ಇಂಟರೆಸ್ಟ್.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ನನ್ನ ಅರ್ಧ ಆಯುಷ್ಯ ಸೀನುತ್ತಲೇ ಕಳೆದಿದೆ. ಅಲ್ಲಿ ಕಲಿತ ವಿದ್ಯೆ ಒಂದೇ. ರೈತ ತಂದ ಮಾಲು ನೋಡಿ ಖರೀದಿದಾರರು ಟೆಂಡರ್ ಹಾಕುತ್ತಾರೆ. ಯಾವ ಮಾಲಿಗೆ ಹೆಚ್ಚು ಟೆಂಡರ್ ಬಿತ್ತೋ ಅದು ಒಳ್ಳೆಯ ಮಾಲು, ಅದರ ದರ ಏರುತ್ತದೆ. ಕಾಯಿ ಮುಟ್ಟದೆ, ಬರೀ ಟೆಂಡರ್ ಎಣಿಸಿ ಗುಣ ಹೇಳಬಲ್ಲೆನೆಂದು ಹಮಾಲರ ಮುಂದೆ ಜಂಬ ಕೊಚ್ಚುತ್ತಿದ್ದೆ. ಪಾಪ, ಬೆನ್ನ ಮೇಲೆ ಚೀಲ ಹೊತ್ತವರು ಎದುರಾಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಹೀಗಿರುವಾಗ ಫೋನಿನಲ್ಲಿ ಆಪ್ಶನ್ ವ್ಯವಹಾರ ಕಲಿಸುವ ವಿಡಿಯೊ ಕಣ್ಣಿಗೆ ಬಿತ್ತು. ಸೂಚ್ಯಂಕ ಇಂತಿಷ್ಟು ದಾಟುತ್ತದೆಂದು ನಂಬಿದವರು ಒಂದಿಷ್ಟು ಹಣ ಕೊಟ್ಟು 'ಕಾಲ್' ಕೊಳ್ಳಬಹುದಂತೆ. ವಾಯಿದೆಯೊಳಗೆ ಚೆನ್ನಾಗಿ ದಾಟಿದರೆ ಲಾಭ. ದಾಟದಿದ್ದರೆ ಕೊಟ್ಟದ್ದು ಹೋಯಿತು. ಇನ್ನೂ ಮುಗಿಯದೆ ಉಳಿದಿರುವ ಇಂಥ ಸೌದಾಗಳ ಸಂಖ್ಯೆಯೇ ಓಪನ್ ಇಂಟರೆಸ್ಟ್. ಒಂದು ಅಂಕಿಯ ಮುಂದೆ ಅದು, ಪೊರೆ ಬಂದ ನನ್ನ ಕಣ್ಣಿಗೂ ಕಾಣುವಂತೆ, ಗುಡ್ಡದಷ್ಟಿತ್ತು. ಇಷ್ಟೊಂದು ಟೆಂಡರ್ ಬಿದ್ದಿದೆ ಅಂದಮೇಲೆ ಸೂಚ್ಯಂಕ ಅಲ್ಲಿಗೆ ಹೋಗಲೇಬೇಕು ಎಂದು ನನಗೆ ಕೂಡಲೇ ಹೊಳೆಯಿತು. ಇಷ್ಟು ಸುಲಭದ ವಿಷಯಕ್ಕೆ ಮುಂಬಯಿಯವರು ಕಾಲೇಜಿಗೆ ಹೋಗುತ್ತಾರಲ್ಲ ಎಂದು ಮರುಕವೂ ಆಯಿತು.

ನನಗೆ ತಿಳಿದಂತೆ ಮನೆಯಲ್ಲಿದ್ದದ್ದು ಹೆಂಡತಿ ಗಿರಿಜೆಯ ಹಲ್ಲಿನ ಸೆಟ್ಟಿಗೆಂದು ಕೂಡಿಟ್ಟ ಹಣ ಮಾತ್ರ. ವರ್ಷದಿಂದ ಅವಳು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ನೋಡಿದರೆ ಸಂಕಟವಾಗುತ್ತಿತ್ತು, ಹಾಗಾಗಿ ನಾನು ಬೇರೆ ಕಡೆ ನೋಡಿ ಗರಿಗರಿ ಕಟಿರೊಟ್ಟಿ ಕಡಿಯುತ್ತಿದ್ದೆ.

"ಒಂದು ವಾರ ಕೊಡು, ಡಬಲ್ ಮಾಡಿ ಕೊಡ್ತೇನಿ," ಎಂದು ಎಲ್ಲವನ್ನೂ ವಿವರಿಸಿದೆ.

"ಅಷ್ಟು ಮಂದಿ ತಗೊಂಡಾರ ಅಂದ್ರ, ಅವರಿಗೆ ಮಾರಿದವರು ಎಷ್ಟು ಮಂದಿ ಅದಾರ್ರಿ?"

"ಒಂದೊಂದು ಸೌದಾಕ್ಕೂ ಒಬ್ಬಾಂವ ಕೊಳ್ಳಾಂವ, ಒಬ್ಬಾಂವ ಮಾರಾಂವ ಇರ್ತಾನ."

"ಹಂಗಾರ ಅಲ್ಲಿಗೆ ಹೋಗಂಗಿಲ್ಲ ಅನ್ನಾವ್ರೂ ಎದುರಿಗೆ ಕುಂತಾರಲ್ಲ. ಅವರೇ ಶಾಣ್ಯಾರಿದ್ರ?"

"ನಿನಗ ಇದು ತಿಳಿಯಂಗಿಲ್ಲ ಬಿಡು," ಎಂದೆ. ನನಗೆ ಉತ್ತರ ತಿಳಿಯದಾಗ ಹೇಳುವ ಮಾತಿದು, ಮದುವೆಯಾದಂದಿನಿಂದ ಬಳಕೆಯಲ್ಲಿದೆ. ಎರಡು ದಿನ ಬಿಟ್ಟು ಗಿರಿಜೆ ನೋಟಿನ ಕಟ್ಟು ತಂದು ಕೈಗಿಟ್ಟಳು.

ವಾಯಿದೆಯ ದಿನ ಸೂಚ್ಯಂಕ ಆ ಅಂಕಿಯ ಹೊಸ್ತಿಲವರೆಗೆ ಬಂದು, ಒಳಗೆ ಬರದೆ ತಿರುಗಿ ಹೋಯಿತು. ಜೊತೆಗೆ ಕಟ್ಟೂ ಹೋಯಿತು. ಮರುದಿನ ರಾಣೆಬೆನ್ನೂರಿನ ಹಲ್ಲಿನ ಡಾಕ್ಟರ ಮುಂದೆ ನಿಂತು, ಸೆಟ್ಟಿನ ಕೆಲಸ ಸ್ವಲ್ಪ ದಿನ ಮುಂದೂಡಬೇಕೆಂದು ಬೇಡಿಕೊಂಡೆ.

"ಯಾಕ್ರಿ? ನಿಮ್ಮ ಮನಿಯವರು ಹೋದ ವಾರನ ಪೂರಾ ರೊಕ್ಕ ಕಟ್ಟಿ, ಅಳತಿ ಕೊಟ್ಟು ಹೋಗ್ಯಾರ. ನಾಳೆ ಕರಕೊಂಡು ಬರ್ರಿ, ಕೂಡಿಸಿ ಕೊಡ್ತೇನಿ," ಎಂದರು ಡಾಕ್ಟರು.

ಮನೆಗೆ ಬಂದವನೇ ಕೇಳಿದೆ: "ಮತ್ತ ನನಗ ಕೊಟ್ಟಿದ್ದು ಯಾವ ರೊಕ್ಕ?"

"ನಿಮ್ಮ ಕಣ್ಣಿನ ಪೊರಿ ತಗಸಾಕಂತ ನಿಮಗ ಹೇಳದ ಇಟ್ಟಿದ್ದೆ," ಎಂದಳು ಗಿರಿಜೆ, ಸೊಪ್ಪು ಸೋಸುತ್ತ. "ಏನರ ಮಾಡಿ ಕಳಕೋತೀರಿ ಅಂತ ಗೊತ್ತಿತ್ತು. ನಿಮ್ಮದು ನೀವ ಕಳಕೋರಿ ಅಂತ ಕೊಟ್ಟೆ."

ಈಗ ಗಿರಿಜೆ ಬಾಯಿತುಂಬ ನಗುತ್ತಾಳೆ. ಹೊಸ ಹಲ್ಲಿನಲ್ಲಿ ಬಹಳ ಚೆಂದ ಕಾಣುತ್ತಾಳೆಂದು ಓಣಿಯವರೆಲ್ಲ ಹೇಳುತ್ತಾರೆ. ನನಗೆ ಎಲ್ಲ ಮಂಜು ಮಂಜು. ಆದರೂ ಇಷ್ಟೊಂದು ಮಂದಿ ಹೇಳುತ್ತಿದ್ದಾರೆ ಅಂದಮೇಲೆ ನಿಜವೇ ಇರಬೇಕು.