ಎರಡು ಕೆಲಸಕ್ಕೂ ಒಂದೇ ದೋಣಿ

ಈಜು ಬಾರದವನಿಗೆ ನೀರಿನ ವಿಷಯದಲ್ಲಿ ಇರುವಷ್ಟು ದೊಡ್ಡ ಯೋಜನೆಗಳು ಈಜು ಬಲ್ಲವನಿಗೆ ಇರುವುದಿಲ್ಲ. ಬಲ್ಲವನು ನೀರು ಕಂಡರೆ ಇಳಿಯುತ್ತಾನೆ, ಒದ್ದೆಯಾಗುತ್ತಾನೆ, ತಲೆ ಒರೆಸಿಕೊಂಡು ಮನೆಗೆ ಹೋಗುತ್ತಾನೆ, ಅಲ್ಲಿಗೆ ಮುಗಿಯಿತು. ಬಾರದವನು ದಡದಲ್ಲೇ ನಿಂತಿರುವುದರಿಂದ ಅವನ ಆಸೆಗೆ ತಳ ಸಿಗುವುದೇ ಇಲ್ಲ. ನನಗೆ ಈಜು ಬರುವುದಿಲ್ಲ. ಆದರೂ ತೊಂಬತ್ತರ ದಶಕದ ಕೊನೆಯಲ್ಲಿ ಎರಡು ವರ್ಷ ಪ್ರತಿ ಭಾನುವಾರ ನಾನು ದೋಣಿ ಹುಡುಕಿದ್ದೇನೆ, ಅದೂ ಬೆಂಗಳೂರಿನ ಪೂರ್ವದಿಕ್ಕಿನಲ್ಲಿ, ಸಮುದ್ರವೆಂಬುದು ರೈಲಿನಲ್ಲಿ ಒಂದು ರಾತ್ರಿ ಮಲಗಿದ ಮೇಲೆ ಸಿಗುವ ಊರಿನಲ್ಲಿ. ಎರಡು ವರ್ಷ ಎಂದೆ. ಹೆಂಡತಿ ಒಂದೂವರೆ ಎನ್ನುತ್ತಾಳೆ. ನನ್ನ ನೆನಪು ಸಂತೆಯಿಂದ ಬರುವ ಕೈಚೀಲವಿದ್ದಂತೆ: ಮನೆ ಮುಟ್ಟುವಷ್ಟರಲ್ಲಿ ತಳಕ್ಕೆ ಹಾಕಿದ್ದು ಯಾವುದು, ಮೇಲೆ ಇಟ್ಟಿದ್ದು ಯಾವುದು ತಿಳಿಯುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಒಪ್ಪವಾಗಿ ಜೋಡಿಸಿಟ್ಟಂತೆ ಕಾಣುವ ಭಾಗಗಳಿದ್ದರೆ ಅವನ್ನು ನೀವು ಸ್ವಲ್ಪ ಅನುಮಾನದಿಂದಲೇ ಓದಬೇಕು.

ಎಲ್ಲದಕ್ಕೂ ಮೂಲ ಜೋಗುಪಾಳ್ಯದ ಒಂದು ಕ್ಷೌರದಂಗಡಿಯ ಕ್ಯಾಲೆಂಡರ್. ಹಲ್ಲಿನ ಡಾಕ್ಟರ ಕೋಣೆಯದೂ ಇರಬಹುದು. ಎರಡು ಕಡೆಯೂ ಕುರ್ಚಿ ಹಿಂದಕ್ಕೆ ವಾಲುತ್ತದೆ, ಎರಡು ಕಡೆಯೂ ಕತ್ತು ಇನ್ನೊಬ್ಬರ ಕೈಯಲ್ಲಿರುತ್ತದೆ. ಆ ಚಿತ್ರದಲ್ಲಿ ನೀಲಿ ನೀರಿನ ಮೇಲೆ ಒಂದು ದೋಣಿ ಓಡುತ್ತಿತ್ತು. ಅದರ ಹಿಂದಿನಿಂದ ಹಗ್ಗ ಹಿಡಿದ ಒಬ್ಬ ಮನುಷ್ಯ, ಕಾಲಿಗೆ ಎರಡು ಉದ್ದನೆಯ ಪಟ್ಟಿ ಕಟ್ಟಿಕೊಂಡು, ನೀರಿನ ಮೇಲೆ ನಿಂತೇ ಬರುತ್ತಿದ್ದ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈ ಆಕಾಶಕ್ಕೆ. ವಾಟರ್ ಸ್ಕೀಯಿಂಗ್ ಎಂದು ಕೆಳಗೆ ಬರೆದಿತ್ತು. ನಾನು ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಬೋಲ್ಟು ಅಳೆಯುವವನು. ಇಡೀ ದಿನ ಬೋಲ್ಟು ಕೈಗೆತ್ತಿಕೊಂಡು ‘ಆಗುತ್ತೆ’, ‘ಆಗಲ್ಲ’ ಎನ್ನುವುದು ನನ್ನ ವೃತ್ತಿ. ಅಂಥವನಿಗೆ, ಯಾರೋ ಮುಂದೆ ಎಳೆಯುತ್ತಿದ್ದಾರೆ, ತಾನು ಸುಮ್ಮನೆ ನಿಂತಿದ್ದರೆ ಸಾಕು, ಗಾಳಿ ತಾನಾಗಿ ಮುಖಕ್ಕೆ ಬರುತ್ತದೆ ಎಂಬ ಆ ಸ್ಥಿತಿ ಮೋಕ್ಷದಂತೆ ಕಂಡಿತು. ಅರ್ಧ ಮೀಸೆ ಕತ್ತರಿಸಿಕೊಂಡ ಸ್ಥಿತಿಯಲ್ಲಿಯೇ ನಾನು ನಿರ್ಧರಿಸಿಬಿಟ್ಟೆ. (ಮೀಸೆ ನೆನಪಿದೆ, ಹಾಗಾದರೆ ಕ್ಷೌರದಂಗಡಿಯೇ.)

ಈಗ ನನ್ನ ಮಾವನವರ ವಿಷಯಕ್ಕೆ ಬರಬೇಕು. ಅವರು ಕಗ್ಗದಾಸಪುರದ ಕಡೆಯ ಹಳೆಯ ಒಕ್ಕಲು. ಕೆರೆಯ ಕೆಳಗಿದ್ದ ಅವರ ಗದ್ದೆ ಸೈಟುಗಳಾಗಿ, ಸೈಟುಗಳು ಮನೆಗಳಾಗಿ, ಅದರಲ್ಲೊಂದು ಮನೆಯಲ್ಲಿ ನಾನು ಅವರ ಮಗಳು ರತ್ನಳ ಜೊತೆ ಸಂಸಾರ ಮಾಡಿಕೊಂಡಿದ್ದೆ. ಅವರ ಮನೆ ಪಕ್ಕದ ಬೀದಿ. ಮದುವೆಯಾಗಿ ಆರು ವರ್ಷವಾದರೂ ಮಾವ-ಅಳಿಯರ ನಡುವೆ ನಡೆದ ಮಾತೆಂದರೆ ಇಷ್ಟು: “ಊಟ ಆಯ್ತಾ ಅಳಿಯಂದ್ರೆ?” “ಆಯ್ತು ಮಾವ, ನಿಮ್ದು?” “ಆಯ್ತು.” ಅದಾದ ಮೇಲೆ ಇಬ್ಬರೂ ಗೋಡೆಯ ಕಡೆ ನೋಡುತ್ತಿದ್ದೆವು. ಜಗಳವಲ್ಲ, ಕೋಪವಲ್ಲ. ಅವರಿಗೆ ಬೋಲ್ಟು ಗೊತ್ತಿಲ್ಲ, ನನಗೆ ಎತ್ತು ಗೊತ್ತಿಲ್ಲ, ಅಷ್ಟೆ. ಆ ಮೌನದಲ್ಲಿ ಕುಳಿತುಕೊಳ್ಳುವುದು ಎಷ್ಟು ಕಷ್ಟವಾಗಿತ್ತೆಂದರೆ ಹಬ್ಬ ಹತ್ತಿರ ಬಂದರೆ ನಾನು ಕಾರ್ಖಾನೆಯಲ್ಲಿ ಓವರ್‌ಟೈಮ್ ಕೇಳಿ ಪಡೆಯುತ್ತಿದ್ದೆ.

ಒಂದು ಭಾನುವಾರ ಊಟಕ್ಕೆ ಕೂತಾಗ ರತ್ನ ನಗುತ್ತ ಅಂದಳು: “ಅಪ್ಪ, ನಿಮ್ಮಳಿಯಂಗೆ ದೋಣಿ ಬೇಕಂತೆ.” ಮಾವನವರ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನ ಮೇಲೆಯೇ ನಿಂತಿತು. ಅವರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿ, “ಯಾವ್ ತರದ್ದು?” ಎಂದರು. ಊಟಕ್ಕೆ ಸಂಬಂಧಪಡದ ಅವರ ಮೊದಲ ಪ್ರಶ್ನೆ ಅದು. ಗೊತ್ತಾದದ್ದೇನೆಂದರೆ ಅವರಿಗೂ ಬಾಲ್ಯದಿಂದ ದೋಣಿಯ ಆಸೆ. ಕೆರೆಯ ಏರಿಯ ಮೇಲೆ ಕೂತು ಗಾಳ ಹಾಕಿ ಹಾಕಿ ಅರವತ್ತು ವರ್ಷ ಕಳೆದಿದ್ದರು. “ದಡಕ್ಕೆ ಬರೋದೆಲ್ಲ ಪುಡಿಮೀನು. ದೊಡ್ಡ ಕೊರವ ಮೀನು ಮಧ್ಯದಲ್ಲಿ ಐತೆ. ನಮ್ಮಪ್ಪ ನೋಡಿದ್ರಂತೆ,” ಎಂದರು, ಆ ಮೀನು ಅಂದಿನಿಂದ ಇವರಿಗಾಗಿಯೇ ಕಾದು ಕುಳಿತಿದೆ ಎಂಬಂತೆ.

ನಾನು ಕ್ಯಾಲೆಂಡರಿನ ಆಟವನ್ನು ವಿವರಿಸಿದೆ. ಅವರು ಗಂಭೀರವಾಗಿ ಕೇಳಿ, ಕೊನೆಗೆ ಅಂದರು: “ಇದೇನ್ ಹೊಸದು? ನಾಟಿಗೆ ಮುಂಚೆ ಗದ್ದೆ ಸಮ ಮಾಡೋಕೆ ಹಲಗೆ ಹೊಡೀತಿದ್ವಲ್ಲ. ಮುಂದೆ ಜೋಡೆತ್ತು, ಹಿಂದೆ ಹಲಗೆ ಮೇಲೆ ನಾನು, ಕೈಯಾಗೆ ಹಗ್ಗ. ಕೆಸರು ನೀರು ಎರಡು ಕಡೆ ಹಾರೋದು. ದಿನಾ ಮಾಡ್ತಿದ್ದೆ. ಯಾರೂ ನನ್ನ ಕ್ಯಾಲೆಂಡರ್‌ಗೆ ಹಾಕ್ಲಿಲ್ಲ.”

“ಎಲ್ಲಿ ಮಾವ?”

“ಎಲ್ಲಿ ಅಂದ್ರೆ? ನೀವು ಈಗ ಮಲಗೋ ಕೋಣೆ ಐತಲ್ಲ, ಅಲ್ಲೇ.”

ಹೀಗೆ ಶುರುವಾಯಿತು. ಮೀನಿಗೂ ಆಗಬೇಕು, ಆಟಕ್ಕೂ ಆಗಬೇಕು, ಅಂಥ ಒಂದು ದೋಣಿ. ಇವೆರಡೂ ಹುಟ್ಟು ವೈರಿಗಳೆಂದು ನಮಗೆ ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಮೀನಿನ ದೋಣಿ ಅಗಲವಾಗಿ, ತಳ ಚಪ್ಪಟೆಯಾಗಿ, ಎಮ್ಮೆಯಂತೆ ಸುಮ್ಮನೆ ನಿಲ್ಲಬೇಕು. ಆಟದ ದೋಣಿ ಮೂತಿ ಚೂಪಾಗಿ, ಇಂಜಿನ್ ಹೊತ್ತು, ಬಾಲಕ್ಕೆ ಬೆಂಕಿ ಬಿದ್ದಂತೆ ಓಡಬೇಕು. “ಇಂಜಿನ್ ಸದ್ದಿಗೆ ಮೀನು ಓಡೋಯ್ತವೆ,” ಎಂದು ಅವರು. “ನಿಂತ ದೋಣಿ ಹಿಂದೆ ಹಗ್ಗ ಹಿಡಿದರೆ ನಾನು ಮುಳುಗ್ತೀನಿ,” ಎಂದು ನಾನು. ಬೆಳಗ್ಗೆ ಅವರ ಸರದಿ, ಸಂಜೆ ನನ್ನದು ಎಂದು ರಾಜಿ ಮಾಡಿಕೊಂಡು ಸ್ಕೂಟರ್ ಹತ್ತುತ್ತಿದ್ದೆವು. ಟಿನ್ ಫ್ಯಾಕ್ಟರಿಯ ಹತ್ತಿರ ಬಸ್ಸುಗಳ ನಡುವೆ ಸಿಕ್ಕಿಕೊಂಡು ನಿಂತಾಗ ಹಿಂದಿನ ಸೀಟಿನಿಂದ ಅವರು ನನಗೆ ಎತ್ತು ಆರಿಸುವ ಶಾಸ್ತ್ರ ಹೇಳಿಕೊಡುತ್ತಿದ್ದರು: ಗೊರಸು ಹೇಗಿರಬೇಕು, ಬೆನ್ನು ಹೇಗಿರಬೇಕು, ಎಡ ಪಕ್ಕೆಯಲ್ಲಿ ಕೂದಲಿನ ಸುಳಿ ಇದ್ದರೆ ಎಷ್ಟು ಒಳ್ಳೆಯ ಎತ್ತಾದರೂ ಏಕೆ ಮನೆಗೆ ತರಬಾರದು. ನಾನು ಬೋಲ್ಟಿನಲ್ಲಿ ಕೂದಲೆಳೆಯ ಬಿರುಕು ಹಿಡಿಯುವುದು ಹೇಗೆಂದು ಹೇಳುತ್ತಿದ್ದೆ. “ಓಹೋ, ಅಂಗಾದ್ರೆ ನಿಮ್ದೂ ದನದ ಯಾಪಾರನೇ,” ಎಂದರು ಒಮ್ಮೆ. ಇಷ್ಟು ದೊಡ್ಡ ಮೆಚ್ಚುಗೆ ನನಗೆ ಕಾರ್ಖಾನೆಯಲ್ಲಿ ಎಂದೂ ಸಿಕ್ಕಿರಲಿಲ್ಲ.

ಶಿವಾಜಿನಗರದ ಗುಜರಿ ಅಂಗಡಿಯ ಭಾಯಿ ನಮ್ಮ ಬೇಡಿಕೆ ಕೇಳಿ ಚಹಾ ತರಿಸಿದರು. “ಬೋಟ್ ಏನು ಸಾಬ್, ಜಹಾಜ್ ಬೇಕಾದ್ರೂ ಕೊಡ್ತೀನಿ. ಆದ್ರೆ ಪಾರ್ಕಿಂಗ್ ಎಲ್ಲಿ ಮಾಡ್ತೀರಾ?” ಎಂದರು. ಹಲಸೂರಿನ ಒಂದು ಗಲ್ಲಿಯಲ್ಲಿ ದೋಣಿ ರಿಪೇರಿ ಮಾಡುವ ಅಂತೋಣಿ ಮೇಸ್ತ್ರಿ ಮಾತ್ರ ನಗಲಿಲ್ಲ. ತಮಿಳುನಾಡಿನ ಕಡಲ ತೀರದಿಂದ ಬಂದ ಆತ, “ಸಾರ್, ಒಂದು ಹಳೇದು ಬರೋದಿದೆ. ಮೀನುಕ್ಕೂ ಆಗುತ್ತೆ, ಆಟಕ್ಕೂ ಆಗುತ್ತೆ. ಒಂದು ತಿಂಗ್ಳು ಬಿಟ್ಟು ಬನ್ನಿ. ಆಮೇಲೆ ಸಾರ್, ನಿಮ್ ಕೆರೆ ಎಷ್ಟು ಉದ್ದ?” ಎಂದು ಕೇಳಿದ.

ಬೋಲ್ಟು ಅಳೆಯುವವನು ಕೆರೆ ಅಳೆದಿರಲಿಲ್ಲ. ಮುಂದಿನ ಭಾನುವಾರ ಹೋಗಿ ಹೆಜ್ಜೆ ಹಾಕಿದೆವು. ಅರ್ಧ ಕೆರೆಯನ್ನು ಜೊಂಡು ತಿಂದಿತ್ತು, ಉಳಿದದ್ದರಲ್ಲಿ ಬಾತುಗಳು ಸಹ ಸಾಲಾಗಿ ಹೋಗುತ್ತಿದ್ದವು. ಹಗ್ಗದ ಉದ್ದ ಕಳೆದು, ದೋಣಿಯ ಉದ್ದ ಕಳೆದು ಲೆಕ್ಕ ಹಾಕಿದರೆ, ನಾನು ನೀರಿನಿಂದ ಎದ್ದು ನಿಲ್ಲುವಷ್ಟರಲ್ಲಿ ದೋಣಿ ಎದುರಿನ ಏರಿ ಹತ್ತಿ ಮುಖ್ಯರಸ್ತೆ ಸೇರಿ ಬಸ್‌ಸ್ಟಾಪಿನಲ್ಲಿ ನಿಂತಿರುತ್ತಿತ್ತು. ಆಳದ ವಿಷಯದಲ್ಲಿ ಮಾವ “ಆನೆ ಮುಳುಗೋ ಅಷ್ಟು” ಎಂದರು. ಮನೆಗೆ ಬಂದು ಅತ್ತೆಯವರನ್ನು ಕೇಳಿದರೆ, “ಯಾವ ಆನೆ? ನಾನು ಅದರಾಗೆ ಎಮ್ಮೆ ತೊಳೀತಿದ್ದೆ. ಮಂಡಿ ಮುಳುಗ್ತಿರ್ಲಿಲ್ಲ,” ಎಂದರು. ಐವತ್ತು ವರ್ಷ ಒಂದೇ ಕೆರೆಯನ್ನು ನೋಡಿದ ಗಂಡಹೆಂಡತಿ. ಸತ್ಯ ಇಬ್ಬರ ನಡುವೆ ಸೊಂಟದ ಮಟ್ಟದಲ್ಲಿ ಎಲ್ಲೋ ಇದ್ದಿರಬೇಕು. ವಿಚಿತ್ರವೆಂದರೆ ಅಳತೆಯ ಫಲಿತಾಂಶದಿಂದ ನಮಗಿಬ್ಬರಿಗೂ ಬೇಸರವಾಗಲಿಲ್ಲ. ಮಾರನೆಯ ವಾರವೂ ಮಾವ ಹೆಗಲಿಗೆ ಟವೆಲ್ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದರು.

ತಿಂಗಳು ಕಳೆಯಿತು. ಅಂತೋಣಿಯ ಅಂಗಳದಲ್ಲಿ ಎರಡು ಕಲ್ಲುಗಳ ಮೇಲೆ ಆ ದೋಣಿ ಕೂತಿತ್ತು. ಅಗಲವಾದ ಹೊಟ್ಟೆ, ಚಪ್ಪಟೆ ತಳ, ಮೂತಿ ಮಾತ್ರ ಸೊಗಸಾಗಿ ಚೂಪು, ಹಿಂದೆ ಇಂಜಿನ್ ಕೂರಿಸಲು ಗಟ್ಟಿ ಪಟ್ಟಿ. ಬಿಸಿಲಿನಲ್ಲಿ ಹಸಿರು ಬಣ್ಣ ಒಣಗುತ್ತಿತ್ತು. ನಾವು ಇಷ್ಟು ದಿನ ಬಾಯಿಮಾತಿನಲ್ಲಿ ಕಟ್ಟಿದ್ದ ದೋಣಿಯೇ ಎದ್ದು ಬಂದು ಕೂತಂತಿತ್ತು. ಮಾವ ಒಂದು ಸುತ್ತು ಬಂದರು, ಹೊಟ್ಟೆ ತಟ್ಟಿದರು, ಕೆಳಗೆ ಬಗ್ಗಿ ನೋಡಿದರು. ಆಮೇಲೆ ಮಾತಿಲ್ಲದೆ ಟವೆಲ್ ತೆಗೆದು ಅಂತೋಣಿಯ ಕೈಮೇಲೆ ಹಾಸಿ, ಅದರೊಳಗೆ ತಮ್ಮ ಕೈಯನ್ನೂ ತೂರಿಸಿದರು. ದನದ ಜಾತ್ರೆಯಲ್ಲಿ ಬೆಲೆ ಮಾತಾಡುವುದು ಹಾಗೆಯೇ, ಬಟ್ಟೆಯೊಳಗೆ ಬೆರಳು ಹಿಡಿದು, ಸುತ್ತ ನಿಂತವರಿಗೆ ತಿಳಿಯದಂತೆ. ಅಂತೋಣಿ ಕಂಗಾಲಾದ. “ಏನ್ ಪೆರಿಯವರೇ, ಕೈ ಬಿಡಿ! ಕಚಗುಳಿ ಆಗುತ್ತೆ! ಸಾರ್, ಹೇಳಿ ಸಾರ್!”

ನಾನು ನಗಬೇಕಿತ್ತು. ನಗು ಬರಲಿಲ್ಲ. ಮಾವ ಟವೆಲ್ ಹಾಸಿದರೆಂದರೆ ದೋಣಿ ಸಿಕ್ಕಿತೆಂದೇ ಅರ್ಥ. ಸಿಕ್ಕಿದ ಮೇಲೆ? ಮುಂದಿನ ಭಾನುವಾರ ಎಲ್ಲಿಗೆ? ಮಂಡಿಯುದ್ದದ ನೀರಿನಲ್ಲಿ ದೋಣಿ ಒಂದು ದಿನ ನಿಲ್ಲುತ್ತದೆ, ಆಮೇಲೆ ಮನೆಯ ಮುಂದೆ ಬೋರಲಾಗುತ್ತದೆ, ನಾವಿಬ್ಬರೂ ಮತ್ತೆ ಗೋಡೆ ನೋಡುತ್ತ “ಊಟ ಆಯ್ತಾ” ಎನ್ನುತ್ತೇವೆ. ನನ್ನ ಕಣ್ಣು, ವೃತ್ತಿಯ ಅಭ್ಯಾಸದಿಂದ, ದೋಣಿಯ ಮೇಲೆ ಹರಿದಾಡಿತು. ಎಡಗಡೆಯ ಹಲಗೆಯಲ್ಲಿ ಮರದ ಒಂದು ಗಂಟು ಕಂಡಿತು, ಉಂಗುರ ಉಂಗುರವಾಗಿ.

“ಮಾವ,” ಎಂದೆ, “ಇಲ್ಲಿ ನೋಡಿ. ಎಡ ಪಕ್ಕೆಯಲ್ಲಿ ಸುಳಿ.”

ಟವೆಲ್ಲಿನೊಳಗಿನ ಕೈ ನಿಂತಿತು. ಮಾವ ಬಂದು ಆ ಗಂಟನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಗಂಟನ್ನು ನೋಡಿದರು. “ಹೌದಲ್ಲ,” ಎಂದರು ನಿಧಾನವಾಗಿ, “ಎಡ ಸುಳಿ. ಮನೆಗಾಗಕ್ಕಿಲ್ಲ.”

“ಅದು ಗಂಟು ಸಾರ್! ಮರ ಅಂದ್ರೆ ಗಂಟು ಇರಲ್ವಾ?” ಎಂದು ಅಂತೋಣಿ ಕೂಗಿಕೊಂಡ.

“ನಿಮಗೆ ಗೊತ್ತಾಗಕ್ಕಿಲ್ಲ ಮೇಸ್ತ್ರಿ,” ಎಂದು ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ದಾರಿಯಲ್ಲಿ ಇಬ್ಬರೂ ಮಸಾಲೆ ದೋಸೆ ತಿಂದೆವು. ನಮ್ಮ ಭಾನುವಾರಗಳನ್ನು ಕಾಪಾಡಿದವನು ನಾನು ಎಂಬ ಹೆಮ್ಮೆಯಲ್ಲಿ ನಾನು ಎರಡು ತಿಂದೆ.

ಈ ಬರಹ ಇಲ್ಲಿಗೆ ಮುಗಿದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಆದರೆ ಮುಂದಿನ ವಾರ ಊಟವಾದ ಮೇಲೆ ಎಲೆಯಡಿಕೆ ಮಡಿಸುತ್ತ ರತ್ನ ಅಂದಳು: “ರೀ, ದೋಣಿ ತುಂಬಾ ಚೆನ್ನಾಗಿತ್ತಂತಲ್ಲ. ಅಪ್ಪ ಹೇಳ್ತಿದ್ರು.”

“ಸುಳಿ ಇತ್ತು,” ಎಂದೆ.

“ಅದನ್ನೂ ಹೇಳಿದ್ರು. ‘ಕಲ್ಲಿನ ಮೇಲೆ ಕೂತಿರೋ ದೋಣಿ ಹತ್ರಾನೇ ನಿನ್ ಗಂಡನ ಕಾಲು ನಡುಗ್ತಿತ್ತು ಕಣವ್ವ. ನೀರಂದ್ರೆ ಭಯ, ಪಾಪ. ಬಾಯಿ ಬಿಟ್ಟು ಹೇಳಕ್ಕಾಗ್ದೆ ಸುಳಿ ಅಂದ್ರು. ಮರ್ಯಾದಸ್ತರು. ನಾನೂ ಸುಳಿ ಅಂದೆ’ ಅಂದ್ರು.”

ಕಾಲು ನಡುಗಿದ್ದು ನನಗೆ ನೆನಪಿಲ್ಲ. ಆದರೆ ನನ್ನ ನೆನಪಿನ ಬಗ್ಗೆ ಆಗಲೇ ಎಚ್ಚರಿಸಿದ್ದೇನೆ. ಅರವತ್ತು ವರ್ಷ ಕಾದ ಕೊರವ ಮೀನನ್ನು ಅವರು ನನ್ನ ಎರಡು ಮೊಣಕಾಲಿಗಾಗಿ ಬಿಟ್ಟುಕೊಟ್ಟಿದ್ದರು. ತ್ಯಾಗ ಮಾಡಿದವನು ನಾನೆಂದುಕೊಂಡು ನಾನು ಎರಡನೆಯ ದೋಸೆ ತಿಂದಿದ್ದೆ. ಅಷ್ಟರಲ್ಲಿ ಜಗಲಿಯಿಂದ ಅವರ ದನಿ ಬಂತು: “ಅಳಿಯಂದ್ರೆ, ಹೊಸಕೋಟೆ ಕಡೆ ಒಂದು ದೋಣಿ ಐತಂತೆ. ಬರೋ ವಾರ ನೋಡ್ಕೊಂಡು ಬರೋಣ್ವಾ? ಬರೀ ನೋಡೋದು.”

“ಆಗ್ಲಿ ಮಾವ, ಬರೀ ನೋಡೋದು,” ಎಂದೆ.

ಆಮೇಲೆ ಕೋಣೆಗೆ ಹೋಗಿ ಮಲಗಿದೆ. ಮಧ್ಯಾಹ್ನದ ಬಿಸಿಲು ಕಿಟಕಿಯ ಸರಳುಗಳ ಮೂಲಕ ನೆಲಕ್ಕೆ ಬಿದ್ದು ನೀರಿನಂತೆ ಅಲುಗುತ್ತಿತ್ತು. ನಾಟಿಗೆ ಮುಂಚಿನ ಗದ್ದೆ ಇದೇ ತಾನೇ. ಸ್ವಲ್ಪ ಹೊತ್ತಿಗೆ ಮಂಚ ಮೆಲ್ಲಗೆ ಕದಲಿತು. ಮುಂದೆ ಜೋಡೆತ್ತಿನ ಎರಡು ಬಾಲಗಳು, ಎರಡು ಕಡೆ ಹಾರುವ ಕೆಸರು ನೀರು, ಮುಖಕ್ಕೆ ಗಾಳಿ. ಮಂಚದ ತುದಿಯಲ್ಲಿ ಮಾವ ಗಾಳ ಬಿಟ್ಟುಕೊಂಡು ಕೂತಿದ್ದರು. “ಅಲ್ಲಾಡ್ಬೇಡಿ ಅಳಿಯಂದ್ರೆ, ಮೀನು ಓಡೋಯ್ತವೆ,” ಎಂದರು ತಿರುಗಿ ನೋಡದೆ. ಒಂದು ಕೈಯನ್ನಾದರೂ ಆಕಾಶಕ್ಕೆ ಎತ್ತೋಣ ಎಂದುಕೊಂಡೆ. ಎತ್ತಲಿಲ್ಲ. ಎರಡು ಕೈಯಲ್ಲೂ ದಿಂಬನ್ನು ಭದ್ರವಾಗಿ ಹಿಡಿದುಕೊಂಡಿದ್ದೆ.